ಹಳೇ ಡೆಸ್ಕ್‌ಟಾಪ್‌ನಲ್ಲಿ ನಾಲ್ಕು ಪುಟ್ಟ ಲಿನಕ್ಸ್ ಮಷೀನ್

ಬೆಂಗಳೂರಿನ ವಿಜಯನಗರದ ನಮ್ಮ ಮನೆಯಲ್ಲಿರುವುದು ಎಂಟು ವರ್ಷ ಹಳೆಯ ಐ5 ಡೆಸ್ಕ್‌ಟಾಪ್. ಎಸ್.ಪಿ. ರೋಡಿಗೆ ಹೋಗಿ ಇನ್ನೊಂದು 8 ಜಿಬಿ ರ‍್ಯಾಮ್ ತಂದು ಹಾಕಿದೆ. ಒಟ್ಟು 16 ಆಯಿತು. ಅದರೊಳಗೆ ಈಗ ನಾಲ್ಕು ವರ್ಚುವಲ್ ಮಷೀನ್ ಇವೆ, ಅಂದರೆ ಸಾಫ್ಟ್‌ವೇರ್‌ನಿಂದ ಮಾಡಿದ, ಬೇರೆ ಬೇರೆ ಕಂಪ್ಯೂಟರಿನ ಹಾಗೆ ಓಡುವ ಮಷೀನ್‌ಗಳು. ಒಂದರಲ್ಲಿ ನಮ್ಮ ಬಿಲ್ಡಿಂಗ್‌ನ ಆರು ಮನೆಗಳ ನೀರಿನ ಟ್ಯಾಂಕರ್ ಲೆಕ್ಕ. ಒಂದು ಮಗಳ ಡೇಟಾಬೇಸ್ ಲ್ಯಾಬಿಗೆ. ಒಂದು ನಾನು ಏನೇನೋ ಪ್ರಯೋಗ ಮಾಡುವುದಕ್ಕೆ. ನಾಲ್ಕನೆಯದರ ಕತೆ ಆಮೇಲೆ ಹೇಳುತ್ತೇನೆ.

ಒಂದು ದೊಡ್ಡ ಮಷೀನ್ ಮಾಡಿ ಎಲ್ಲವನ್ನೂ ಅದಕ್ಕೇ ತುಂಬಬೇಡಿ. ಒಂದು ಕೆಲಸಕ್ಕೆ ಒಂದು ಪುಟ್ಟ ಮಷೀನ್ ಇರಲಿ. ಮಗಳ ಮಷೀನ್ ಕೆಟ್ಟರೆ ಟ್ಯಾಂಕರ್ ಲೆಕ್ಕಕ್ಕೆ ಏನೂ ಆಗಬಾರದು, ಅಲ್ವಾ?

ಮೊದಲು ಬಯೋಸ್‌ಗೆ, ಅಂದರೆ ಕಂಪ್ಯೂಟರ್ ಆನ್ ಆಗುವಾಗಲೇ ತೆರೆಯುವ ಸೆಟ್ಟಿಂಗ್ ಪರದೆಗೆ ಹೋಗಿ. ಇಂಟೆಲ್ ಆದರೆ ‘ಇಂಟೆಲ್ ವರ್ಚುವಲೈಸೇಷನ್ ಟೆಕ್ನಾಲಜಿ’, ಎಎಂಡಿ ಆದರೆ ‘ಎಸ್‌ವಿಎಂ ಮೋಡ್’ ಆನ್ ಮಾಡಿ. ಇದು ಆಫ್ ಇದ್ದರೆ ಮಷೀನ್ ಆಮೆಯ ಹಾಗೆ ಓಡುತ್ತದೆ, ಇಲ್ಲವೇ ಓಡುವುದೇ ಇಲ್ಲ. ನನ್ನ ಡೆಸ್ಕ್‌ಟಾಪ್‌ನಲ್ಲಿರುವುದು ಲಿನಕ್ಸ್ ಮಿಂಟ್. ವರ್ಚುವಲ್ ಮಷೀನ್ ಓಡಿಸುವ ಕೆವಿಎಂ 2007ರಲ್ಲೇ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರಿದೆ, ಹಾಗಾಗಿ ಬೇರೇನೂ ಕೊಳ್ಳಬೇಕಿಲ್ಲ. ಮಷೀನ್‌ಗಳನ್ನು ಮಾಡಿ ನೋಡಿಕೊಳ್ಳುವ ‘ವರ್ಟ್-ಮ್ಯಾನೇಜರ್’ (virt-manager) ಇನ್‌ಸ್ಟಾಲ್ ಮಾಡಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ವಿಂಡೋಸ್ ಇರುವವರು ಇದೇ ಕೆಲಸಕ್ಕೆ ವರ್ಚುವಲ್‌ಬಾಕ್ಸ್ ಹಾಕಿಕೊಳ್ಳಬಹುದು.

ಒಳಗೆ ಹಾಕಲು ನನ್ನ ಆಯ್ಕೆ ಆಲ್ಪೈನ್ ಎಂಬ ಪುಟ್ಟ ಲಿನಕ್ಸ್. ಅದರ ಡೌನ್‌ಲೋಡ್ ಪುಟದಲ್ಲಿ ‘ವರ್ಚುವಲ್’ ಎಂಬ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಇರುತ್ತದೆ. ವರ್ಚುವಲ್ ಮಷೀನ್‌ಗೆಂದೇ ಕರ್ನಲ್ ಸಣ್ಣ ಮಾಡಿರುತ್ತಾರೆ, ಅದನ್ನೇ ಇಳಿಸಿಕೊಳ್ಳಿ. ಹೊಸ ಮಷೀನ್‌ಗೆ 512 ಎಂಬಿ ರ‍್ಯಾಮ್, 1 ಸಿಪಿಯು, 4 ಜಿಬಿ ಡಿಸ್ಕ್ ಕೊಡಿ. ಸಾಕು. ಕೊನೆಯ ಪರದೆಯಲ್ಲಿ ‘ಇನ್‌ಸ್ಟಾಲ್‌ಗೆ ಮುಂಚೆ ಕಾನ್ಫಿಗರೇಷನ್ ಬದಲಿಸು’ ಎಂಬರ್ಥದ ಟಿಕ್ ಇದೆ. ಅದನ್ನು ಹಾಕಿ ಒಳಗೆ ಹೋಗಿ, ಡಿಸ್ಕ್ ಮತ್ತು ನೆಟ್‌ವರ್ಕ್ ಎರಡೂ ವರ್ಚುವಲ್ ಮಷೀನ್‌ಗೆಂದೇ ಇರುವ ‘ವರ್ಟ್‌ಐಒ’ (VirtIO) ಬಗೆ ಆಗಿವೆಯೇ ನೋಡಿ.

ಬೂಟ್ ಆದ ಮೇಲೆ ‘ರೂಟ್’ (root) ಎಂದು ಟೈಪ್ ಮಾಡಿ, ಪಾಸ್‌ವರ್ಡ್ ಕೇಳುವುದಿಲ್ಲ. ಆಮೇಲೆ ‘ಸೆಟಪ್-ಆಲ್ಪೈನ್’ (setup-alpine) ಕಮಾಂಡ್ ಕೊಡಿ. ಅದು ಒಂದೊಂದೇ ಪ್ರಶ್ನೆ ಕೇಳುತ್ತದೆ: ಕೀಬೋರ್ಡ್, ಹೆಸರು, ನೆಟ್‌ವರ್ಕ್, ಪಾಸ್‌ವರ್ಡ್. ಟೈಮ್‌ಝೋನ್‌ಗೆ ಏಷ್ಯಾ/ಕೋಲ್ಕತ್ತಾ. ಉಳಿದ ಹೆಚ್ಚಿನವಕ್ಕೆ ಸುಮ್ನೆ ಎಂಟರ್ ಒತ್ತಿದರೆ ನಡೆಯುತ್ತದೆ. ಆದರೆ ಡಿಸ್ಕ್ ಯಾವುದು ಎಂದು ಕೇಳಿದಾಗ ಕೈ ನಿಲ್ಲಿಸಿ. ಅಲ್ಲಿ ಮೊದಲೇ ಬರೆದಿರುವ ಉತ್ತರ ‘ನನ್’ (none), ಅಂದರೆ ಯಾವುದೂ ಬೇಡ ಎಂದು. ಎಂಟರ್ ಒತ್ತಿದರೆ ಆಲ್ಪೈನ್ ಬರೀ ರ‍್ಯಾಮ್‌ನಲ್ಲೇ ಉಳಿಯುತ್ತದೆ, ರೀಬೂಟ್ ಮಾಡಿದರೆ ಎಲ್ಲ ಮಾಯ. ಮಗಳು ಒಂದು ಭಾನುವಾರವಿಡೀ ಕೂತು ಮಾಡಿದ್ದು ಹಾಗೇ ಹೋಯಿತು. ಡಿಸ್ಕ್‌ನ ಹೆಸರಾದ ‘ವಿಡಿಎ’ (vda) ಎಂದು ಬರೆಯಿರಿ, ಮುಂದಿನ ಪ್ರಶ್ನೆಗೆ ‘ಸಿಸ್’ (sys), ಅಂದರೆ ಡಿಸ್ಕ್‌ಗೇ ಹಾಕು ಎಂದು ಕೊಡಿ.

ಆಲ್ಪೈನ್‌ನಲ್ಲಿರುವುದು ‘ಮಸಲ್’ (musl) ಎಂಬ ಪುಟ್ಟ ಸಿ ಲೈಬ್ರರಿ, ಅಂದರೆ ಹೆಚ್ಚಿನ ಪ್ರೋಗ್ರಾಂಗಳು ನೆಚ್ಚಿಕೊಳ್ಳುವ ಮೂಲ ಕೋಡ್‌ನ ಕಟ್ಟು. ಬೇರೆ ಲಿನಕ್ಸ್‌ಗೆಂದು ಕಟ್ಟಿದ ಕೆಲವು ಪ್ರೋಗ್ರಾಂ ಇದರಲ್ಲಿ ಏಳುವುದಿಲ್ಲ. ಆಗ ಹಠ ಹಿಡಿಯಬೇಡಿ, ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಹಾಕಿ. ಇನ್‌ಸ್ಟಾಲ್ ಮಾಡುವಾಗ ಡೆಸ್ಕ್‌ಟಾಪ್‌ನ ಟಿಕ್ ತೆಗೆದರೆ ಅದೂ ಹಗುರವಾಗಿಯೇ ಇರುತ್ತದೆ.

ಈಗ ನಾಲ್ಕನೆಯ ಮಷೀನ್. ಅದು ನಮ್ಮ ಹೆಪ್ಪು. ಮೊಸರು ಪೂರ್ತಿ ಖಾಲಿ ಮಾಡದೆ ಒಂದು ಚಮಚ ಎತ್ತಿಡುತ್ತೇವಲ್ಲ, ಹಾಗೆ. ಆಲ್ಪೈನ್ ಹಾಕಿ, ಅಪ್‌ಡೇಟ್ ಮಾಡಿ, ಆಫ್ ಮಾಡಿ ಇಟ್ಟಿದ್ದೇನೆ. ಹೊಸದು ಬೇಕೆಂದರೆ ಅದರ ಮೇಲೆ ರೈಟ್ ಕ್ಲಿಕ್, ‘ಕ್ಲೋನ್’. ಬಂದ ಮಷೀನ್‌ನ ಹೆಸರನ್ನು ಒಳಗೂ ಬದಲಿಸಿ. ಬೇರೆ ಕಂಪ್ಯೂಟರಿನಿಂದ ಲಾಗಿನ್ ಆಗುವಾಗ ಮಷೀನ್‌ನ ಗುರುತು ಹೇಳುವ ಎಸ್‌ಎಸ್‌ಎಚ್ ಕೀಗಳನ್ನೂ ಹೊಸದಾಗಿ ಮಾಡಿ, ಇಲ್ಲದಿದ್ದರೆ ಎರಡಕ್ಕೂ ಒಂದೇ ಗುರುತು ಉಳಿಯುತ್ತದೆ.

ಡಿಸ್ಕ್ ಸೆಟ್ಟಿಂಗ್‌ನಲ್ಲಿ ‘ಕ್ಯಾಶ್ ಮೋಡ್’ ಅಂತ ಒಂದಿದೆ. ಸ್ಪೀಡ್ ಜಾಸ್ತಿ ಆಗಲಿ ಎಂದು ಟ್ಯಾಂಕರ್ ಮಷೀನ್‌ಗೆ ‘ಅನ್‌ಸೇಫ್’ ಇಟ್ಟಿದ್ದೆ. ಆ ಮೋಡ್‌ನಲ್ಲಿ ಒಳಗಿನ ಮಷೀನ್ ‘ಈಗಲೇ ಡಿಸ್ಕ್‌ಗೆ ಬರಿ’ ಎಂದರೂ ಹೊರಗಿನದು ಆಯಿತು ಎಂದು ಹೇಳಿ ರ‍್ಯಾಮ್‌ನಲ್ಲೇ ಇಟ್ಟುಕೊಳ್ಳಬಹುದು. ಮೇ ತಿಂಗಳ ಒಂದು ಸಂಜೆ ಆಲಿಕಲ್ಲು ಮಳೆ ಬಂತು, ಕರೆಂಟ್ ಹೋಯಿತು, ಆಗ ಮನೆಯಲ್ಲಿ ಯುಪಿಎಸ್ ಇರಲಿಲ್ಲ. ಕರೆಂಟ್ ಬಂದಾಗ ಮೂರು ತಿಂಗಳ ಲೆಕ್ಕ ಓದಲಾಗದಂತೆ ಕೆಟ್ಟಿತ್ತು. ಕೆಳಗಿನ ಮನೆಯ ಆಂಟಿ ಟ್ಯಾಂಕರ್‌ನವರ ಚೀಟಿಗಳನ್ನು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದ್ದರು. ಅದನ್ನು ನೋಡಿ ಎರಡು ರಾತ್ರಿ ಕೂತು ಮತ್ತೆ ಬರೆದೆ. ಆ ಸೆಟ್ಟಿಂಗ್ ಮುಟ್ಟಬೇಡಿ, ಡಿಫಾಲ್ಟ್ ಇದ್ದ ಹಾಗೇ ಇರಲಿ.

ಮಷೀನ್‌ನ ಆ ಹೊತ್ತಿನ ಸ್ಥಿತಿಯನ್ನು ಉಳಿಸಿಡುವ ಸ್ನ್ಯಾಪ್‌ಶಾಟ್ ಇದೆಯಲ್ಲ ಎಂದು ಧೈರ್ಯವಾಗಿಯೂ ಇರಬೇಡಿ. ಅದೂ ಅದೇ ಹಾರ್ಡ್ ಡಿಸ್ಕ್‌ನಲ್ಲೇ ಇರುತ್ತದೆ. ಪ್ರತಿ ಭಾನುವಾರ ಬೆಳಿಗ್ಗೆ ನಾನು ಟ್ಯಾಂಕರ್ ಮಷೀನ್ ಶಟ್‌ಡೌನ್ ಮಾಡಿ, ಅದರ ಡಿಸ್ಕ್ ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡುತ್ತೇನೆ. ಓಡುತ್ತಿರುವಾಗ ಕಾಪಿ ಮಾಡಿದರೆ ಅರ್ಧಂಬರ್ಧ ಬರುತ್ತದೆ, ಆಫ್ ಮಾಡಿಯೇ ಮಾಡಿ. ಪೆನ್‌ಡ್ರೈವ್ ಇರುವುದು ಆಂಟಿಯ ಮನೆಯಲ್ಲಿ, ಚೀಟಿಗಳ ಜೊತೆಗೆ.