ರೂಟಿಂಗ್ ಕಲಿಯಲು ಲ್ಯಾಬ್ ಕಟ್ಟಿದರೆ ಸಾಲದು, ಕೆಡಿಸಬೇಕು

ರೂಟರ್‌ಗಳು ತಮ್ಮೊಳಗೆ ದಾರಿಯ ಮಾಹಿತಿ ಹಂಚಿಕೊಳ್ಳುವ ಓಎಸ್‌ಪಿಎಫ್ ಪ್ರೋಟೊಕಾಲ್ ಕಾನ್ಫಿಗರ್ ಮಾಡುವುದು ಐದಾರು ಸಾಲಿನ ಕೆಲಸ. ನೇಬರ್ (ಪಕ್ಕದ ರೂಟರ್) ಫುಲ್ ಆಯಿತು, ಅಂದರೆ ಇಬ್ಬರ ಮಾಹಿತಿ ಪೂರ್ತಿ ಹೊಂದಿತು, ಪಿಂಗ್ ಹೋಯಿತು, ಮುಗಿಯಿತು. ಅಲ್ಲಿಗೇ ನಿಲ್ಲಿಸಿದರೆ ಕಲಿತದ್ದು ಟೈಪಿಂಗ್ ಮಾತ್ರ. ರೂಟಿಂಗ್ ತಲೆಗೆ ಹತ್ತುವುದು ಪಿಂಗ್ ಹೋಗದೇ ಇದ್ದಾಗ, ಯಾಕೆ ಹೋಗುತ್ತಿಲ್ಲ ಅಂತ ಒಂದೊಂದೇ ಹಾಪ್ (ಒಂದು ರೂಟರ್‌ನಿಂದ ಮುಂದಿನದಕ್ಕೆ) ಹಿಡಿದು ಹುಡುಕಿದಾಗ. ನಿಜವಾದ ನೆಟ್‌ವರ್ಕ್ ಕೈಕೊಟ್ಟಾಗ ಹಾಗೆ ಕೂತು ಕಲಿಯುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಹಾಗಾಗಿ ಲ್ಯಾಬ್‌ನಲ್ಲಿ ಬೇಕಂತಲೇ ಕೆಡಿಸಿ ಕಲಿಯಿರಿ.

ಲ್ಯಾಬ್‌ಗೆ ದುಬಾರಿ ರೂಟರ್ ಬೇಡ. ಲಿನಕ್ಸ್ ಇರುವ ಒಂದು ಲ್ಯಾಪ್‌ಟಾಪ್, ಅದರಲ್ಲಿ ಒಳಗೇ ರೂಟರ್‌ಗಳನ್ನು ಜೋಡಿಸುವ ಕಂಟೇನರ್‌ಲ್ಯಾಬ್, ರೂಟರ್ ಆಗಿ ಎಫ್‌ಆರ್‌ರೂಟಿಂಗ್ ತಂತ್ರಾಂಶ. ಇಷ್ಟು ಸಾಕು, ಎಲ್ಲವೂ ಉಚಿತ. ಇದೇ ಕೆಲಸದ ಜಿಎನ್‌ಎಸ್3, ಈವ್-ಎನ್‌ಜಿ ಕೂಡ ಚೆನ್ನಾಗಿವೆ, ಆದರೆ ಅಲ್ಲಿ ಕಂಪನಿಗಳ ರೂಟರ್ ಇಮೇಜ್ ಓಡಿಸಲು ಮೆಮೊರಿ ಜಾಸ್ತಿ ಬೇಕು, ಲೈಸೆನ್ಸ್ ಪ್ರಶ್ನೆಯೂ ಬರುತ್ತದೆ. ಪ್ಯಾಕೆಟ್ ಟ್ರೇಸರ್ ಶುರುವಿಗೆ ಸರಿ. ಅದು ಸಿಮ್ಯುಲೇಟರ್ ಆದ್ದರಿಂದ ಮುಂದೆ ಹೇಳುವ ದೋಷಗಳೆಲ್ಲ ಅಲ್ಲಿ ಹುಟ್ಟುವುದಿಲ್ಲ.

ಐದು ರೂಟರ್ ಇಡಿ. ಆರ್1, ಆರ್2, ಆರ್3 ತ್ರಿಕೋನದ ಹಾಗೆ ಒಂದೇ ಎಎಸ್ (ಒಂದೇ ಆಡಳಿತದ ನೆಟ್‌ವರ್ಕ್) 65001ರಲ್ಲಿ, ಒಳಗೆ ಓಎಸ್‌ಪಿಎಫ್ ಮತ್ತು ಐಬಿಜಿಪಿ, ಅಂದರೆ ಎಎಸ್‌ಗಳ ನಡುವೆ ದಾರಿ ಹಂಚುವ ಬಿಜಿಪಿಯನ್ನು ಒಂದೇ ಎಎಸ್ ಒಳಗೆ ಬಳಸುವುದು. ಆರ್1ಕ್ಕೆ ಹೊರಗಿನಿಂದ ಆರ್4, ಅದರ ಎಎಸ್ 65002. ಆರ್3ಕ್ಕೆ ಆರ್5, ಎಎಸ್ 65003. ಪ್ರತಿ ರೂಟರ್‌ಗೂ ಒಂದು ಲೂಪ್‌ಬ್ಯಾಕ್ ವಿಳಾಸ (ಯಾವ ಲಿಂಕ್‌ಗೂ ಅಂಟದ, ರೂಟರ್‌ನದೇ ವಿಳಾಸ) ಕೊಡಿ. ನಕ್ಷೆಯನ್ನು ಕಾಗದದ ಮೇಲೆ ಕೈಯಿಂದಲೇ ಬರೆಯಿರಿ, ಇಂಟರ್‌ಫೇಸ್ ಹೆಸರು ಸಮೇತ. ಎಲ್ಲವೂ ಸರಿಯಾಗಿ ಓಡುವ ಕಾನ್ಫಿಗ್ ಒಂದನ್ನು ಉಳಿಸಿಡಿ, ಯಾವಾಗ ಬೇಕಾದರೂ ಅಲ್ಲಿಗೆ ವಾಪಸ್ ಬರಬಹುದು. ಎಫ್‌ಆರ್‌ರೂಟಿಂಗ್‌ನ ಈಚಿನ ಆವೃತ್ತಿಗಳಲ್ಲಿ ಹೊರಗಿನ ಬಿಜಿಪಿ ನೇಬರ್‌ಗೆ ರೂಟ್-ಮ್ಯಾಪ್‌ನಂಥ ಫಿಲ್ಟರ್ (ಯಾವ ರೂಟ್ ಒಪ್ಪಬೇಕು, ಯಾವುದು ಬೇಡ ಅನ್ನುವ ನಿಯಮ) ಹಾಕದಿದ್ದರೆ ಸೆಷನ್ ಎದ್ದರೂ ಒಂದು ರೂಟ್ ಕೂಡ ಆಚೀಚೆ ಹೋಗುವುದಿಲ್ಲ. ಬಿಜಿಪಿ ಸಮ್ಮರಿಯಲ್ಲಿ ಸಂಖ್ಯೆ ಇರಬೇಕಾದ ಜಾಗದಲ್ಲಿ ಪಾಲಿಸಿ ಅಂತ ಕಂಡರೆ ಗಾಬರಿ ಬೇಡ, ಕಾರಣ ಇದೇ.

ಇನ್ನು ಒಂದೇ ಒಂದು ನಿಯಮ, ಇದನ್ನು ಮಾತ್ರ ಬಿಡಬೇಡಿ. ಏನನ್ನಾದರೂ ಕೆಡಿಸುವ ಮುಂಚೆ ಏನಾಗುತ್ತದೆ ಅಂತ ಬರೆದಿಡಿ. ಯಾವ ನೇಬರ್ ಬೀಳುತ್ತದೆ, ಯಾವ ರೂಟ್ ಹೋಗುತ್ತದೆ, ಎಷ್ಟು ಸೆಕೆಂಡ್ ಹಿಡಿಯುತ್ತದೆ. ಬರೆದದ್ದಕ್ಕೂ ಆದದ್ದಕ್ಕೂ ವ್ಯತ್ಯಾಸ ಎಲ್ಲಿ ಬಂತೋ, ನಿಮಗೆ ಗೊತ್ತಿಲ್ಲದ ವಿಷಯ ಇರುವುದು ಅಲ್ಲೇ.

ಮೊದಲು ಸುಲಭದ್ದು. ಆರ್1ರಿಂದ ಆರ್3ರ ಲೂಪ್‌ಬ್ಯಾಕ್‌ಗೆ ಪಿಂಗ್ ಓಡುತ್ತಿರಲಿ. ನಡುವಿನ ನೇರ ಲಿಂಕ್‌ನ ಇಂಟರ್‌ಫೇಸ್ ಡೌನ್ ಮಾಡಿ. ಟ್ರಾಫಿಕ್ ಬೇಗನೆ ಆರ್2ರ ಕಡೆಯಿಂದ ತಿರುಗುತ್ತದೆ. ಲಿಂಕ್ ಮತ್ತೆ ಅಪ್ ಮಾಡಿ, ಈ ಸಲ ಲಿನಕ್ಸ್‌ನ ಟಿಸಿ ನೆಟ್‌ಎಮ್ (ಬೇಕಂತಲೇ ಪ್ಯಾಕೆಟ್ ಬೀಳಿಸುವ ಸಾಧನ) ಬಳಸಿ ಆರ್1ರ ಅದೇ ಇಂಟರ್‌ಫೇಸ್‌ನಲ್ಲಿ ಶೇಕಡಾ 100 ಪ್ಯಾಕೆಟ್ ನಷ್ಟ ಹಾಕಿ. ಲಿಂಕ್ ಅಪ್ ಅಂತಲೇ ಕಾಣುತ್ತದೆ, ಪಿಂಗ್ ಮಾತ್ರ ಸತ್ತಿದೆ. ಓಎಸ್‌ಪಿಎಫ್ ನೇಬರ್‌ಗೆ ಹೆಲೋ ಕಳಿಸುವುದು 10 ಸೆಕೆಂಡಿಗೊಮ್ಮೆ, 40 ಸೆಕೆಂಡ್ ಹೆಲೋ ಬಾರದಿದ್ದರೆ ನೇಬರ್ ಡೆಡ್ ಅಂತ ಓದಿರುತ್ತೀರಿ, ಅಲ್ವಾ? ಆ 40 ಸೆಕೆಂಡ್ ಎಷ್ಟು ಉದ್ದ ಅಂತ ಇಲ್ಲಿ ಕಣ್ಣಾರೆ ಕಾಣುತ್ತದೆ. ಲಿಂಕ್ ಸತ್ತದ್ದನ್ನು ಬೇಗ ಪತ್ತೆ ಹಚ್ಚುವ ಬಿಎಫ್‌ಡಿ ಯಾಕೆ ಬೇಕು ಅಂತ ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಮೇಲೆ ಒಂದು ಕಡೆಯ ಎಂಟಿಯು (ಒಂದು ಪ್ಯಾಕೆಟ್‌ನಲ್ಲಿ ಹೋಗಬಹುದಾದ ಗರಿಷ್ಠ ಬೈಟ್) 1500 ಇದ್ದದ್ದನ್ನು 1400 ಮಾಡಿ, ನೇಬರ್ ಕ್ಲಿಯರ್ ಮಾಡಿ. ಹೆಲೋ ಚಿಕ್ಕ ಪ್ಯಾಕೆಟ್, ಸಲೀಸಾಗಿ ಹೋಗುತ್ತದೆ. ನೇಬರ್ ಮಾತ್ರ ಫುಲ್ ಆಗುವ ಮುಂಚಿನ ಎಕ್ಸ್‌ಸ್ಟಾರ್ಟ್ ಅಥವಾ ಎಕ್ಸ್‌ಚೇಂಜ್ ಹಂತದಲ್ಲೇ ಸಿಕ್ಕಿಕೊಳ್ಳುತ್ತದೆ. ಪ್ಯಾಕೆಟ್ ಬಿಚ್ಚಿ ತೋರಿಸುವ ವೈರ್‌ಶಾರ್ಕ್‌ನಲ್ಲಿ ಡೇಟಾಬೇಸ್ ಡಿಸ್ಕ್ರಿಪ್ಷನ್ ಪ್ಯಾಕೆಟ್ ತೆರೆಯಿರಿ. ಅದರೊಳಗೆ ಇಂಟರ್‌ಫೇಸ್ ಎಂಟಿಯು ಅಂತ ಒಂದು ಫೀಲ್ಡ್ ಇದೆ. ತನ್ನದಕ್ಕಿಂತ ದೊಡ್ಡ ಸಂಖ್ಯೆ ಬಂದರೆ ರೂಟರ್ ಆ ಪ್ಯಾಕೆಟ್ ತೆಗೆದುಕೊಳ್ಳುವುದೇ ಇಲ್ಲ, ಆಚೆಯವನು ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತಾನೆ.

ಇದಕ್ಕಿಂತ ಕಷ್ಟದ್ದು ನೆಟ್‌ವರ್ಕ್ ಟೈಪ್ ಹೊಂದದೇ ಇರುವುದು. ನನ್ನ ಪ್ರಕಾರ ಓಎಸ್‌ಪಿಎಫ್‌ನಲ್ಲಿ ಅತಿ ಹೆಚ್ಚು ಕಲಿಸುವ ದೋಷ ಇದೇ. ಲಿಂಕ್‌ನ ಒಂದು ತುದಿ ಬ್ರಾಡ್‌ಕಾಸ್ಟ್ (ಹಲವು ರೂಟರ್ ಇರಬಹುದಾದ ನೆಟ್‌ವರ್ಕ್), ಇನ್ನೊಂದು ಪಾಯಿಂಟ್-ಟು-ಪಾಯಿಂಟ್ (ಇಬ್ಬರೇ ಇರುವ ಲಿಂಕ್) ಇಡಿ. ಟೈಮರ್ ಎರಡೂ ಕಡೆ ಒಂದೇ, ಹಾಗಾಗಿ ನೇಬರ್ ಫುಲ್ ಆಗುತ್ತದೆ. ಡೇಟಾಬೇಸ್‌ನಲ್ಲಿ ಎಲ್‌ಎಸ್‌ಎಗಳೂ (ರೂಟರ್ ತನ್ನ ಲಿಂಕ್‌ಗಳ ಬಗ್ಗೆ ಹೇಳುವ ಮಾಹಿತಿ) ಇರುತ್ತವೆ. ಆದರೆ ಆ ಲಿಂಕ್ ಮೂಲಕ ಒಂದು ರೂಟ್ ಕೂಡ ಟೇಬಲ್‌ಗೆ ಬರುವುದಿಲ್ಲ. ನೇಬರ್ ಔಟ್‌ಪುಟ್ ಎರಡೂ ಕಡೆ ಪಕ್ಕಪಕ್ಕ ಇಟ್ಟು ನೋಡಿ: ಒಂದರಲ್ಲಿ ಫುಲ್ ಪಕ್ಕ ಡಿಆರ್ (ಆ ನೆಟ್‌ವರ್ಕ್‌ನ ಮುಖ್ಯ ರೂಟರ್) ಅಥವಾ ಬಿಡಿಆರ್ (ಅದರ ಬದಲಿ) ಥರದ ಪಾತ್ರ ಬರೆದಿದೆ, ಇನ್ನೊಂದರಲ್ಲಿ ಬರೀ ಅಡ್ಡಗೆರೆ. ಒಬ್ಬ ತನ್ನ ಎಲ್‌ಎಸ್‌ಎಯಲ್ಲಿ ಇದು ನೇರ ಲಿಂಕ್ ಅನ್ನುತ್ತಾನೆ, ಇನ್ನೊಬ್ಬ ಡಿಆರ್ ಇರುವ ನೆಟ್‌ವರ್ಕ್ ಅನ್ನುತ್ತಾನೆ. ಅತಿ ಹತ್ತಿರದ ದಾರಿ ಹುಡುಕುವ ಎಸ್‌ಪಿಎಫ್ ಲೆಕ್ಕ ಎರಡೂ ತುದಿಯಿಂದ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಆ ಲಿಂಕ್ ಅದರ ಪಾಲಿಗೆ ಇಲ್ಲ. ಫುಲ್ ಅಂತ ಕಂಡ ಕೂಡಲೇ ಓಎಸ್‌ಪಿಎಫ್ ಸರಿ ಇದೆ ಅಂತ ಮುಂದೆ ಹೋಗುವ ಅಭ್ಯಾಸ ಇದೊಂದರಿಂದಲೇ ಬಿಟ್ಟುಹೋಗುತ್ತದೆ.

ಬಿಜಿಪಿಗೆ ಬಂದರೆ, ಆರ್1ರಲ್ಲಿ ನೆಕ್ಸ್ಟ್-ಹಾಪ್-ಸೆಲ್ಫ್ (ಹೊರಗಿನ ರೂಟ್‌ಗೆ ಮುಂದಿನ ಹಾಪ್ ನಾನೇ ಅಂತ ಒಳಗಿನವರಿಗೆ ಹೇಳುವ ಆಜ್ಞೆ) ತೆಗೆದುಬಿಡಿ. ಆರ್4ರ ರೂಟ್ ಆರ್3ರ ಬಿಜಿಪಿ ಟೇಬಲ್‌ನಲ್ಲಿ ಕಾಣುತ್ತದೆ, ಬೆಸ್ಟ್ ಗುರುತು ಮಾತ್ರ ಇಲ್ಲ. ನೆಕ್ಸ್ಟ್ ಹಾಪ್ ಆರ್4ರ ಲಿಂಕ್ ವಿಳಾಸ, ಆರ್3ಕ್ಕೆ ಅಲ್ಲಿಗೆ ದಾರಿ ಗೊತ್ತಿಲ್ಲ. ಹಾಗೆಯೇ ಆರ್1 ಮತ್ತು ಆರ್3ರ ನಡುವಿನ ಐಬಿಜಿಪಿ ಸೆಷನ್ ತೆಗೆದು ನೋಡಿ. ಆರ್2 ತಾನು ಐಬಿಜಿಪಿಯಿಂದ ಕಲಿತದ್ದನ್ನು ಇನ್ನೊಬ್ಬ ಐಬಿಜಿಪಿ ನೇಬರ್‌ಗೆ ಹೇಳುವುದಿಲ್ಲ. ಈಗ ಆರ್2ನ್ನು ರೂಟ್ ರಿಫ್ಲೆಕ್ಟರ್ ಮಾಡಿ, ಆಗ ಹೇಳುತ್ತದೆ.

2008ರ ಫೆಬ್ರವರಿ 24ರ ಘಟನೆಯನ್ನೂ ಮರುಸೃಷ್ಟಿಸಿ. ಯೂಟ್ಯೂಬ್ ತನ್ನ ವಿಳಾಸಗಳ ಗುಂಪನ್ನು 208.65.152.0/22 ಅಂತ ಪ್ರಕಟಿಸುತ್ತಿತ್ತು. ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲೆಂದು ಹಾಕಿದ, ಆ ಗುಂಪಿನದೇ ಒಂದು ಭಾಗವಾದ 208.65.153.0/24 ಹೊರಗೆ ಸೋರಿತು, ಜಗತ್ತಿನ ಯೂಟ್ಯೂಬ್ ಟ್ರಾಫಿಕ್ ಅತ್ತ ತಿರುಗಿತು. ಹೆಚ್ಚು ಉದ್ದದ ಪ್ರಿಫಿಕ್ಸ್‌ಗೇ (ಗೆರೆಯ ನಂತರದ ಸಂಖ್ಯೆ ದೊಡ್ಡದಿರುವುದಕ್ಕೇ) ಮೊದಲ ಮಣೆ, ಎಎಸ್ ಪಾತ್ (ದಾರಿಯಲ್ಲಿ ದಾಟುವ ಎಎಸ್‌ಗಳ ಪಟ್ಟಿ) ಎಷ್ಟೇ ಉದ್ದ ಇರಲಿ. ನಿಮ್ಮ ಲ್ಯಾಬ್‌ನಲ್ಲಿ ಆರ್4 10.20.0.0/22 ಪ್ರಕಟಿಸಲಿ, ಆರ್5 10.20.1.0/24 ಪ್ರಕಟಿಸಲಿ. ಆರ್1ರ ರೂಟ್ ಟೇಬಲ್ ನೋಡಿ, ಆಮೇಲೆ ಆರ್3ರಲ್ಲಿ ಪ್ರಿಫಿಕ್ಸ್-ಲಿಸ್ಟ್ ಬರೆದು ಆ /24 ಅನ್ನು ತಡೆಯಿರಿ.

ಹುಡುಕುವ ಕ್ರಮ ಯಾವ ದೋಷಕ್ಕೂ ಒಂದೇ. ಪ್ಯಾಕೆಟ್ ಜೊತೆ ಹೋಗಿ. ಈ ರೂಟರ್‌ನಲ್ಲಿ ಈ ವಿಳಾಸಕ್ಕೆ ಯಾವ ರೂಟ್ ಹೊಂದುತ್ತದೆ? ಲಿನಕ್ಸ್‌ನಲ್ಲಿ ಐಪಿ ರೂಟ್ ಗೆಟ್ ಆಜ್ಞೆ ನೇರವಾಗಿ ಹೇಳುತ್ತದೆ. ಆ ನೆಕ್ಸ್ಟ್ ಹಾಪ್‌ನ ಮ್ಯಾಕ್ ವಿಳಾಸ ಸಿಕ್ಕಿದೆಯಾ? ಲಿಂಕ್‌ನಲ್ಲಿ ಹೋಗಿಬರುವುದನ್ನು ಹಿಡಿದು ತೋರಿಸುವ ಟಿಸಿಪಿಡಂಪ್‌ನಲ್ಲಿ ಪ್ಯಾಕೆಟ್ ಹೊರಗೆ ಹೋದದ್ದು ಕಾಣುತ್ತದೆಯಾ, ಮುಂದಿನ ರೂಟರ್‌ಗೆ ಬಂತಾ? ಕೊನೆ ಮುಟ್ಟಿದ ಮೇಲೆ ಉತ್ತರ ವಾಪಸ್ ಬರುವ ದಾರಿಯನ್ನೂ ಇದೇ ಥರ ನೋಡಿ. ಹೆಚ್ಚಿನವರು ಬಿಡುವುದು ಇದನ್ನೇ. ಟ್ರೇಸ್‌ರೂಟ್ ತೋರಿಸುವುದು ಹೋಗುವ ದಾರಿ ಮಾತ್ರ. ಸುಮ್ನೆ ಪಿಂಗ್ ಹೊಡೆದರೆ ಸೋರ್ಸ್ ಆಗಿ ಸಾಮಾನ್ಯವಾಗಿ ಹೊರಡುವ ಇಂಟರ್‌ಫೇಸ್‌ನ ವಿಳಾಸ ಹೋಗುತ್ತದೆ, ಲೂಪ್‌ಬ್ಯಾಕ್‌ನಿಂದ ಹೊಡೆದಾಗಲೇ ವಾಪಸ್ ದಾರಿಯ ತೊಂದರೆ ಬಯಲಾಗುವುದು. ಹೋಗುವ ದಾರಿ, ಬರುವ ದಾರಿ ಬೇರೆ ಬೇರೆ ಇದ್ದರೆ ಲಿನಕ್ಸ್‌ನ ಆರ್‌ಪಿ ಫಿಲ್ಟರ್ (ಬಂದ ಪ್ಯಾಕೆಟ್‌ನ ಸೋರ್ಸ್‌ಗೆ ವಾಪಸ್ ದಾರಿ ನೋಡುವ ತಪಾಸಣೆ) ಪ್ಯಾಕೆಟ್ಟನ್ನು ಸದ್ದಿಲ್ಲದೆ ಎಸೆಯಬಹುದು, ಅದನ್ನೂ ಒಮ್ಮೆ ಆನ್ ಮಾಡಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಉಪಯೋಗವಾಗದಿದ್ದರೆ ವಾಪಸ್ ತೆಗೆಯಿರಿ.

ನೀವೇ ಹಾಕಿದ ದೋಷ ನಿಮಗೆ ಗೊತ್ತಿರುತ್ತದೆ, ಅದೊಂದು ಮಿತಿ. ಇಷ್ಟೆಲ್ಲ ಕೈಗೆ ಹತ್ತಿದ ಮೇಲೆ ಲ್ಯಾಬನ್ನು ಗೆಳೆಯರ ಕೈಗೆ ಕೊಟ್ಟು ಹತ್ತು ನಿಮಿಷ ಹೊರಗೆ ಹೋಗಿ. ಎರಡು ದೋಷ ಒಟ್ಟಿಗೆ ಹಾಕಲು ಹೇಳಿ, ಒಂದನ್ನು ಸರಿ ಮಾಡಿದರೂ ಪಿಂಗ್ ಹೋಗಬಾರದು, ಅಂಥವು.