ಹಳೇ ಕೇಬಲ್ ಎಳೆಯುವ ಮುಂಚೆ ಲೈನರ್ ತೂರಿಸಿ

ಸೈಕಲ್‌ನಲ್ಲಿ ನಂದಿ ಬೆಟ್ಟ ಹತ್ತುವಾಗ ಚೈನ್ ಹಿಂದಿನ ದೊಡ್ಡ ಸ್ಪ್ರಾಕೆಟ್‌ಗೆ (ಹಲ್ಲುಚಕ್ರಕ್ಕೆ) ಸಲೀಸಾಗಿ ಏರುತ್ತದೆ, ಚಿಕ್ಕದಕ್ಕೆ ಬರಲು ಮಾತ್ರ ಸತಾಯಿಸುತ್ತದೆ. ಹೀಗಾದರೆ ಮೊದಲು ಫ್ರೇಮಿನೊಳಗೆ ಹಾದುಹೋಗುವ ಗೇರ್ ಕೇಬಲ್ ನೋಡಿ. ಏರಿಸುವಾಗ ನಮ್ಮ ಬೆರಳಿನ ಬಲವಿರುತ್ತದೆ. ಇಳಿಸಬೇಕಾದ್ದು ಡಿರೇಲರ್‌ನ, ಅಂದರೆ ಚೈನನ್ನು ಪಕ್ಕಕ್ಕೆ ಸರಿಸುವ ಭಾಗದ ಸ್ಪ್ರಿಂಗ್. ಬೆಂಗಳೂರಿನ ಮಳೆನೀರು, ರಸ್ತೆ ಧೂಳು ಸೇರಿ ಕೇಬಲ್ ಹಿಡಿದುಕೊಂಡರೆ ಸ್ಪ್ರಿಂಗ್ ಬಲ ಸಾಲುವುದಿಲ್ಲ.

1.2 ಮಿ.ಮೀ. ಗೇರ್ ಇನ್ನರ್ (ಒಳಗಿನ ಕೇಬಲ್), 4 ಮಿ.ಮೀ. ಗೇರ್ ಔಟರ್ (ಅದರ ಹೊರಕವಚ), ತೆಳು ಪ್ಲಾಸ್ಟಿಕ್ ಲೈನರ್ (ಕೊಳವೆ), ಅಲೆನ್ ಕೀ, ಒಳ್ಳೆಯ ಕೇಬಲ್ ಕಟರ್ ಇಟ್ಟುಕೊಳ್ಳಿ. ಗೇರ್ ಔಟರನ್ನು ಬ್ರೇಕಿಗೆ ಎಂದೂ ಹಾಕಬೇಡಿ. ಅದರ ತಂತಿಗಳು ಉದ್ದುದ್ದ ಇರುತ್ತವೆ, ಜೋರಾಗಿ ಬ್ರೇಕ್ ಹಿಡಿದರೆ ಸೀಳಿಬಿಡಬಹುದು.

ಹಿಂದಿನ ಗೇರನ್ನು ಅತಿ ಚಿಕ್ಕ ಸ್ಪ್ರಾಕೆಟ್‌ಗೆ ತನ್ನಿ, ಕೇಬಲ್ ಸಡಿಲವಾಗುತ್ತದೆ. ಡಿರೇಲರ್ ಬೋಲ್ಟ್ ಬಿಚ್ಚಿ, ಜಜ್ಜಿದ ತುದಿಯನ್ನು ಕತ್ತರಿಸಿ. ಹಿಂದಿನ ಔಟರ್ ತೆಗೆಯಿರಿ, ಮುಂದಿನದನ್ನು ಫ್ರೇಮಿನಿಂದ ಬಿಡಿಸಿ.

ಇಲ್ಲಿ ಆತುರ ಬೇಡ. ಫ್ರೇಮಿನೊಳಗೆ ದಾರಿ ಗೊತ್ತಿರುವುದು ಆ ಹಳೇ ಕೇಬಲ್‌ಗೆ ಮಾತ್ರ. ಸುಮ್ನೆ ಎಳೆದುಬಿಟ್ಟರೆ ಹೊಸದನ್ನು ಕತ್ತಲಲ್ಲಿ ತಡಕಾಡಿ ತೂರಿಸಬೇಕು. ಹಾಗಾಗಿ ಹಿಂಬದಿಯ ತೂತಿನಿಂದ ಹಳೇ ಕೇಬಲ್ ಮೇಲೆಯೇ ಲೈನರ್ ಜಾರಿಸಿ. ಪೆಡಲ್ ಬುಡದ ಹತ್ತಿರ ಅದು ತಡೆಯುತ್ತದೆ; ಒತ್ತಬೇಡಿ, ಬೆರಳುಗಳ ನಡುವೆ ಹಿಡಿದು ನಿಧಾನಕ್ಕೆ ಹೊರಳಿಸಿ. ಮುಂಬದಿಯ ತೂತಿನಲ್ಲಿ ಲೈನರ್ ತುದಿ ಕಂಡ ಮೇಲೆ ಎರಡೂ ತುದಿಗಳನ್ನು ಫ್ರೇಮಿಗೆ ಟೇಪ್ ಹಚ್ಚಿ ನಿಲ್ಲಿಸಿ. ಈಗ ಹಳೇ ಕೇಬಲನ್ನು ಶಿಫ್ಟರ್ (ಹ್ಯಾಂಡಲ್ ಮೇಲಿನ ಗೇರ್ ಲಿವರ್) ಕಡೆಯಿಂದ ಹೊರತೆಗೆಯಿರಿ. ಅದರ ಗುಂಡು ತಲೆಯ ಹತ್ತಿರ ಎಳೆ ಹರಿದಿದ್ದರೆ ಶಿಫ್ಟರ್ ಒಳಗೆ ಚೂರು ಉಳಿದಿದೆಯಾ ನೋಡಿ, ಚೂರೇ ಗೇರ್ ಕೆಡಿಸುತ್ತದೆ.

ಹಳೆಯ ಔಟರ್ ಅಳತೆಗೇ ಹೊಸದನ್ನು ಕತ್ತರಿಸಿ. ಬಾಯಿ ಮುಚ್ಚಿಹೋಗಿದ್ದರೆ ದಬ್ಬಣದಿಂದ ಬಿಡಿಸಿ, ತುದಿಗಳಿಗೆ ಟೋಪಿ ಹಾಕಿ. ಹೊಸ ಇನ್ನರನ್ನು ಶಿಫ್ಟರ್‌ನಿಂದ ಮುಂದಿನ ಔಟರ್ ಮೂಲಕ ಲೈನರ್‌ಗೆ ತೂರಿಸಿ. ಹಿಂದೆ ಬಂದ ಮೇಲೆ ಲೈನರ್ ಎಳೆದು ತೆಗೆಯಿರಿ. ಹಿಂದಿನ ಔಟರ್ ಕೂರಿಸಿ, ಕೇಬಲ್ ಎಳೆದು ಹಿಡಿದು ಬೋಲ್ಟ್ ಬಿಗಿ ಮಾಡಿ.

ಚೈನ್ ದೊಡ್ಡ ಸ್ಪ್ರಾಕೆಟ್‌ಗೆ ಏರದಿದ್ದರೆ ಬ್ಯಾರಲ್ ಅಡ್ಜಸ್ಟರನ್ನು (ಕೇಬಲ್ ಬಿಗಿ ಹೊಂದಿಸುವ ತಿರುಪು) ಎಡಕ್ಕೆ ತಿರುಗಿಸಿ, ಚಿಕ್ಕದಕ್ಕೆ ಇಳಿಯದಿದ್ದರೆ ಬಲಕ್ಕೆ. ಡಿರೇಲರ್ ಎಷ್ಟು ದೂರ ಸರಿಯಬಹುದೆಂದು ತಡೆಯುವ ಲಿಮಿಟ್ ಸ್ಕ್ರೂ ಮುಟ್ಟಬೇಡಿ. ಕೊನೆಗೆ ಇನ್ನರ್ ತುದಿಗೂ ಟೋಪಿ ಒತ್ತಿ. ಓಡಿಸುತ್ತಾ ಹೊಸ ಕೇಬಲ್ ಸ್ವಲ್ಪ ಸಡಿಲವಾಗುವುದು ಮಾಮೂಲು. ಆಗ ಅಡ್ಜಸ್ಟರನ್ನು ಕಾಲು ಸುತ್ತು ಎಡಕ್ಕೆ ತಿರುಗಿಸಿ ನೋಡಿ.