ಹಳೇ ಮಸ್ಟಾಂಗ್ ನೋಡಲು ಹೋಗುವಾಗ ಒಂದು ಬಾಟಲಿ ನೀರು ಇರಲಿ

1965 ಅಥವಾ 66ರ ಫೋರ್ಡ್ ಮಸ್ಟಾಂಗ್ ಕೊಂಡು ರಿಪೇರಿ ಮಾಡುವ ಆಸೆ ಇದೆಯಾ? ಬಣ್ಣ, ಇಂಜಿನ್ ಸದ್ದು ಎಲ್ಲ ಆಮೇಲೆ. ಮೊದಲು ಕೌಲ್ ನೋಡಿ.

ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ ಮುಗಿಯುವ ಕಡೆ, ಗಾಳಿ ಹೋಗಲು ಸೀಳುಗಳಿರುತ್ತವೆ. ಅದೇ ಕೌಲ್. ಮಳೆ ನೀರೂ ಅಲ್ಲೇ ಇಳಿದು ಎರಡೂ ಬದಿಯಿಂದ ಹೊರಗೆ ಹೋಗಬೇಕು. ಆದರೆ ಒಳಗೆ ತರಗೆಲೆ ಸೇರಿ, ಒದ್ದೆ ಗೊಬ್ಬರದ ಹಾಗೆ ಕೂತುಬಿಡುತ್ತದೆ. ಕಾರಿನೊಳಗೆ ಗಾಳಿ ಬಿಡುವ ತೂತಿನ ಸುತ್ತ ಇರುವ ತಗಡಿನ ಕಟ್ಟೆ ತುಕ್ಕು ಹಿಡಿದು ಉದುರುತ್ತದೆ, ಆಗ ನೀರು ಒಳಗೇ ಸೋರುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ!

ಆ ಸೀಳುಗಳಿಗೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ನಿಧಾನವಾಗಿ ನೀರು ಸುರಿಯಿರಿ. ಜೊತೆಗೆ ಬಂದವರು ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ನೋಡಲಿ. ಬಲಗಡೆ ಹೀಟರ್ ಪೆಟ್ಟಿಗೆ ಇರುತ್ತದೆ, ನೀರು ಅದರೊಳಗೆ ಇಳಿದು ತಡವಾಗಿ ತೊಟ್ಟಿಕ್ಕಬಹುದು. ಸ್ವಲ್ಪ ಕಾಯಿರಿ. ಮಾರುವವರು ನೀರು ಹಾಕಲು ಬಿಡದಿದ್ದರೆ, ಉತ್ತರ ಸಿಕ್ಕ ಹಾಗೇ ಅಲ್ವಾ?

ನಾನು ಇದು ಗೊತ್ತಿಲ್ಲದೆ ಮೊದಲು ನೆಲದ ತಗಡು ಬದಲಾಯಿಸಿದೆ. ಒಂದೇ ಮಳೆಗೆ ಹೊಸ ಕಾರ್ಪೆಟ್ ತೊಯ್ದು ತೊಪ್ಪೆ. ಸುಮ್ನೆ ದುಡ್ಡು ದಂಡ. ನೆಲ ಕೊಳೆಯುವುದಕ್ಕೆ ಕಾರಣ ಮೇಲಿದೆ, ಮೊದಲು ಅದನ್ನೇ ಸರಿಮಾಡಿ.

ಸರಿಯಾದ ರಿಪೇರಿ ಸಣ್ಣದಲ್ಲ. ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಬಿಚ್ಚಬೇಕು, ಹತ್ತಾರು ಸ್ಪಾಟ್ ವೆಲ್ಡ್ (ಚುಕ್ಕೆ ಬೆಸುಗೆ) ಕೊರೆದು ಮೇಲಿನ ತಗಡು ತೆಗೆಯಬೇಕು, ತುಕ್ಕು ಕತ್ತರಿಸಿ ಹೊಸದು ಬೆಸೆಯಬೇಕು. ಮೇಲಿನಿಂದ ಎಪಾಕ್ಸಿ ಅಂಟು ಮೆತ್ತಿದರೆ ಸ್ವಲ್ಪ ದಿನ ತಡೆಯುತ್ತದೆ, ಅಷ್ಟೇ. ಸೋರುವ ಕಾರೇ ಇಷ್ಟವಾದರೆ, ಈ ಖರ್ಚು ಕಳೆದು ಬೆಲೆ ಕೇಳಿ.